ನಲವತ್ತು ನಿಮಿಷ

ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಎರಡು ವರ್ಷ ಮನೆಯಲ್ಲೇ ಕೂತಿದ್ದೆ. ದೊಡ್ಡಬಳ್ಳಾಪುರದಲ್ಲಿ ನಮ್ಮದು ನಾಲ್ಕು ಪವರ್‌ಲೂಮ್‌ಗಳಿದ್ದ ಮನೆ. ಮುಂದೆ ಮಗ್ಗಗಳು, ಹಿಂದೆ ನಾವು. ಕರೆಂಟ್ ಇರುವಷ್ಟು ಹೊತ್ತೂ ಮಗ್ಗಗಳು ಬಡಿದುಕೊಳ್ಳುತ್ತಿದ್ದುದರಿಂದ ಮನೆಯಲ್ಲಿ ಎಲ್ಲರೂ ಕೂಗಿ ಮಾತಾಡುತ್ತಿದ್ದೆವು. ಕರೆಂಟ್ ಹೋದಾಗ ಅಪ್ಪ ಮೆತ್ತಗೆ ನನ್ನ ಮದುವೆಯ ವಿಷಯ ಎತ್ತುತ್ತಿದ್ದರು. ಅಂಥ ಒಂದು ಮಧ್ಯಾಹ್ನ ನನ್ನ ಹಳೆಯ ಲೆಕ್ಚರರ್ ಹೇಳಿಕಳಿಸಿದರು: ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯವರು ನಮ್ಮ ತಾಲ್ಲೂಕಿನ ಹಳ್ಳವೊಂದಕ್ಕೆ ಪ್ರವಾಹ ಬರುವ ಮುಂಚೆಯೇ ಎಚ್ಚರಿಕೆ ಕೊಡುವ ಯಂತ್ರ ಕೂರಿಸುತ್ತಿದ್ದಾರೆ, ನೋಡಿಕೊಳ್ಳಲು ಸ್ಥಳೀಯರೊಬ್ಬರು ಬೇಕಂತೆ ಎಂದು. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಹೋದೆ. ತಗೊಂಡರು.

ನಮ್ಮ ಸೀಮೆಯಲ್ಲಿ ಪ್ರವಾಹ ಅಂದರೆ ಜನ ನಗುತ್ತಿದ್ದರು. ಆ ಹಳ್ಳದಲ್ಲಿ ವರ್ಷದ ಹತ್ತು ತಿಂಗಳು ಮರಳು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಆದರೆ ಉತ್ತರಕ್ಕೆ ಬೆಟ್ಟಸಾಲು. ಹಿಂಗಾರಿನಲ್ಲಿ ಮೋಡ ಅಲ್ಲಿ ಒಡೆದರೆ ಬಂಡೆಗಳ ಮೇಲೆ ಬಿದ್ದ ನೀರು ಒಂದು ಹನಿಯೂ ಇಂಗದೆ ಕೆಳಗಿಳಿಯುತ್ತಿತ್ತು. ಊರಿನಲ್ಲಿ ಮಳೆಯೇ ಇಲ್ಲ, ಬಿಸಿಲಿದೆ, ಹಳ್ಳದಲ್ಲಿ ಮಾತ್ರ ಇದ್ದಕ್ಕಿದ್ದಂತೆ ಆಳುದ್ದ ಕೆಂಪು ನೀರು. ಹಳ್ಳಕ್ಕೆ ಅಡ್ಡಲಾಗಿ ಹಾಕಿದ್ದ ತಗ್ಗು ಸೇತುವೆಯ ಮೇಲೆ ಎರಡು ವರ್ಷದ ಹಿಂದೆ ಒಬ್ಬ ಗಾಡಿ ಹೊಡೆಯುವವನು, ಎರಡು ಎತ್ತು, ಒಟ್ಟಿಗೇ ಕೊಚ್ಚಿಹೋಗಿದ್ದವು. ಯೋಜನೆ ಬಂದದ್ದು ಅದರಿಂದ.

ಯಂತ್ರ ಅಂದರೆ ಮೂರು ಪೆಟ್ಟಿಗೆಗಳು. ಮೊದಲನೆಯದು ಬೆಟ್ಟದ ಬುಡದ ಶಾಲೆಯ ತಾರಸಿಯ ಮೇಲೆ. ಅದರೊಳಗೆ ಏತದ ಹಾಗೆ ತೂಗುವ ಎರಡು ಪುಟ್ಟ ಬಟ್ಟಲು. ಮಳೆನೀರು ಒಂದರಲ್ಲಿ ತುಂಬಿದರೆ ಅದು ಬಾಗಿ ಚೆಲ್ಲುತ್ತದೆ, ಇನ್ನೊಂದು ಮೇಲೇಳುತ್ತದೆ. ಎಷ್ಟು ಸಲ ಬಾಗಿತು ಅನ್ನುವುದೇ ಮಳೆಯ ಲೆಕ್ಕ. ಎರಡನೆಯದು ಅದರ ಕೆಳಗಿನ ಕೆರೆಯ ಕೋಡಿಯಲ್ಲಿ, ಕೊಳವೆಯೊಳಗೆ ತೇಲುವ ಒಂದು ಗುಂಡು. ಎರಡೂ ತಮ್ಮ ಲೆಕ್ಕವನ್ನು ವೈರ್‌ಲೆಸ್‌ನಲ್ಲಿ ಮೂರನೆಯ ಪೆಟ್ಟಿಗೆಗೆ ಕಳಿಸುತ್ತಿದ್ದವು. ಅದು ಇದ್ದದ್ದು ಹಳ್ಳದ ದಂಡೆಯ ಊರಿನಲ್ಲಿ. ಗೊತ್ತುಮಾಡಿದ ಮಿತಿ ದಾಟಿದರೆ ಯಾರೂ ಮುಟ್ಟದೆಯೇ ಸೈರನ್ ಕೂಗಬೇಕು, ಪಕ್ಕದಲ್ಲಿನ ಕಾಗದದ ಪಟ್ಟಿಯ ಮೇಲೆ ಗಂಟೆ ನಿಮಿಷ ಅಚ್ಚಾಗಬೇಕು. ವಾರಕ್ಕೊಂದು ಸಲ ಬಂದು ಆ ಪಟ್ಟಿಯನ್ನು ಹರಿದುಕೊಂಡು, ಬ್ಯಾಟರಿಯ ವೋಲ್ಟೇಜ್ ನೋಡಿ, ರಿಜಿಸ್ಟರಿನಲ್ಲಿ ಬರೆದು ಹೋಗುವುದು ನನ್ನ ಕೆಲಸ.

ಮೂರನೆಯ ಪೆಟ್ಟಿಗೆಗೆ ಮನೆ ಹುಡುಕುವುದು ಕಷ್ಟವಾಯಿತು. ಎತ್ತರದ ಜಾಗ ಬೇಕು, ಕರೆಂಟ್ ಬೇಕು, ಮನೆಯಲ್ಲಿ ಯಾವಾಗಲೂ ಯಾರಾದರೂ ಇರಬೇಕು. ಪಂಚಾಯ್ತಿಯವರು ತೋರಿಸಿದ ಮೂರು ಮನೆಗಳವರೂ ಬೇಡ ಅಂದರು. ಒಬ್ಬರ ಮನೆಯಲ್ಲಿ ಕೈಗೂಸಿತ್ತು, ಸೈರನ್ ಕೂಗಿದರೆ ಬೆಚ್ಚುತ್ತದೆ ಅಂದರು. ನಾವು ಪೆಟ್ಟಿಗೆ ಹಿಡಿದುಕೊಂಡು ಬೀದಿಯಲ್ಲಿ ನಿಂತಿದ್ದಾಗ ದಂಟಿನ ಸೊಪ್ಪಿನ ಹೊರೆ ಹೊತ್ತು ಹಳ್ಳದ ಕಡೆಯಿಂದ ಬರುತ್ತಿದ್ದ ಒಬ್ಬ ಹೆಂಗಸು ನಿಂತು ಕೇಳಿದಳು.

"ಏನಮ್ಮ ಅದು, ರೇಡಿಯೋನಾ?"

ನಾನು ಹೇಳಿದೆ. ಆಕೆ ಹೊರೆಯನ್ನು ಜಗುಲಿಯ ಮೇಲಿಟ್ಟು ಪೂರ್ತಿ ಕೇಳಿಸಿಕೊಂಡಳು.

"ನಮ್ಮನೇಲಿ ಇಡಿ. ಮಕ್ಕಳಿಲ್ಲ ಮರಿಯಿಲ್ಲ, ಬೆಚ್ಚೋರು ಯಾರೂ ಇಲ್ಲ."

ಆಕೆಗೆ ಆಗ ನಲವತ್ತರ ಆಸುಪಾಸು. ಗಂಡ ಸೋಂಪುರದ ಕಡೆ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸ, ನೆಲಮಂಗಲದಲ್ಲಿ ರೂಮು ಮಾಡಿಕೊಂಡು ವಾರಕ್ಕೊಮ್ಮೆ ಬರುತ್ತಿದ್ದ. ಆಕೆ ಹಳ್ಳದ ಪಾತ್ರದಲ್ಲೇ ಒಂದು ತುಂಡು ನೆಲದಲ್ಲಿ ಸೊಪ್ಪು ಬೆಳೆಯುತ್ತಿದ್ದಳು: ದಂಟು, ಕೊತ್ತಂಬರಿ, ಸಬ್ಬಸಿಗೆ. ಮರಳಿನಲ್ಲಿ ತೋಡಿದ ಗುಂಡಿಯಿಂದ ಸೀಮೆಎಣ್ಣೆ ಪಂಪಿನಲ್ಲಿ ನೀರೆತ್ತುತ್ತಿದ್ದಳು. ಒಬ್ಬರೇ ತಲೆಯ ಮೇಲೆ ಹೊರಬಹುದಾದಂಥ ಸಣ್ಣ ಪಂಪು. ಮಳೆಗಾಲದಲ್ಲಿ ಅದನ್ನು ಅಲ್ಲಿ ಬಿಡುವ ಹಾಗಿಲ್ಲ, ದಿನಾ ಹೊತ್ತು ತರುವ ಹಾಗೂ ಇಲ್ಲ.

ಯಂತ್ರ ಕೂರಿಸಿದ ಮೇಲೆ ಊರವರನ್ನೆಲ್ಲ ಶಾಲೆಯ ಜಗುಲಿಯಲ್ಲಿ ಸೇರಿಸಿ ನಮ್ಮ ಯೋಜನೆಯ ಮುಖ್ಯಸ್ಥರು ಮಾತಾಡಿದರು. ಅವರು ಮೆತ್ತಗೆ ಮಾತಾಡುವ ಮನುಷ್ಯ, ಪ್ರತಿ ವಾಕ್ಯಕ್ಕೂ ಒಂದು ಷರತ್ತು ಸೇರಿಸಿ ಹೇಳುತ್ತಿದ್ದರು. ಮಳೆಯ ಹಂಚಿಕೆ, ನೆಲದ ತೇವ, ಸಾಮಾನ್ಯ ಸಂದರ್ಭಗಳಲ್ಲಿ, ಅಂದಾಜಿಗೆ ನಲವತ್ತು ನಿಮಿಷ, ಇತ್ಯಾದಿ. ಜನ ಆಕಳಿಸತೊಡಗಿದರು. ಅವರು ನನ್ನ ಕಡೆ ತಿರುಗಿ, "ನೀವು ಇವರ ಭಾಷೇಲಿ ಹೇಳಿ" ಅಂದರು. ನಾನು ಎದ್ದು ನಿಂತು, ಮಗ್ಗದ ಮನೆಯ ದೊಡ್ಡ ಗಂಟಲಿನಲ್ಲಿ ಹೇಳಿದೆ.

"ಸೈರನ್ ಕೂಗಿದ ಮೇಲೆ ನೀರು ಬರೋಕೆ ನಲವತ್ತು ನಿಮಿಷ ಬೇಕು. ಅಷ್ಟರೊಳಗೆ ಎಲ್ಲರೂ ಹಳ್ಳ ಬಿಟ್ಟು ಮೇಲೆ ಬಂದ್ಬಿಡ್ಬೇಕು. ಅಷ್ಟೇ."

ಎಲ್ಲರಿಗೂ ಅರ್ಥವಾಯಿತು. ಮುಖ್ಯಸ್ಥರು ತಲೆಯಾಡಿಸಿದರು.

ಮಾರನೆಯ ವಾರ ನಾನು ಹೋದಾಗ ಆಕೆ ನನ್ನನ್ನು ಗೋಡೆ ಗಡಿಯಾರದ ಮುಂದೆ ನಿಲ್ಲಿಸಿದಳು. ಗಂಡನಿಗೆ ಕಾರ್ಖಾನೆಯಲ್ಲಿ ಕೊಟ್ಟ ಗಡಿಯಾರ.

"ನಲವತ್ತು ಅಂದ್ರೆ ದೊಡ್ಡ ಮುಳ್ಳು ಎಲ್ಲಿಂದ ಎಲ್ಲಿಗೆ, ತೋರ್ಸು."

ತೋರಿಸಿದೆ. ಆಕೆ ಹಾಗೆಯೇ ಸೆರಗು ಸಿಕ್ಕಿಸಿಕೊಂಡು ಹೊರಟಳು. ಇಳಿಜಾರು ಇಳಿದು, ಕೊಳವೆ ಬಿಚ್ಚಿ, ಪಂಪನ್ನು ತಲೆಯ ಮೇಲಿಟ್ಟುಕೊಂಡು ಮನೆಗೆ ಬಂದು ಇಳಿಸಿದಳು. ಬೆವರು ಒರೆಸಿಕೊಳ್ಳುತ್ತ ಗಡಿಯಾರ ನೋಡಿದಳು.

"ಎಷ್ಟಾಯ್ತು?"

"ಇಪ್ಪತ್ತೆರಡು ನಿಮಿಷ ಅಕ್ಕ."

"ಹಂಗಾದ್ರೆ ಬೇಕಾದಷ್ಟು ಟೈಮೈತೆ. ಮುದ್ದೆ ತಿರುವಿ ಇಟ್ಬಿಟ್ಟೂ ಹೋಗ್ಬೋದು."

ನಾನೂ ನಕ್ಕೆ. ಇದನ್ನೆಲ್ಲ ದಿನಚರಿಯಲ್ಲಿ ಬರೆದೆ. ಮುಖ್ಯಸ್ಥರಿಗೆ ಬಹಳ ಇಷ್ಟವಾಯಿತು. ಜನ ಯಂತ್ರವನ್ನು ತಮ್ಮದಾಗಿಸಿಕೊಳ್ಳುತ್ತಿದ್ದಾರೆ ಎಂದು ಅದನ್ನೇ ಒಂದು ವರದಿಯಲ್ಲಿ ಸೇರಿಸಿದರು.

ಎರಡು ಹಿಂಗಾರು ಹೀಗೆ ಕಳೆದವು. ನಾನು ಬುಧವಾರ ಬೆಳಗಿನ ಬಸ್ಸಿಗೆ ಬೆಟ್ಟದ ಬುಡಕ್ಕೆ ಹೋಗಿ ಶಾಲೆಯ ತಾರಸಿ ಹತ್ತುತ್ತಿದ್ದೆ. ಬಟ್ಟಲುಗಳ ಮೇಲಿನ ಆಲಿಕೆಯಲ್ಲಿ ಒಣಗಿದ ಎಲೆ ತುಂಬಿರುತ್ತಿತ್ತು, ಒಮ್ಮೆ ಕಣಜ ಗೂಡು ಕಟ್ಟಿತ್ತು. ಅಲ್ಲಿಂದ ಕೆರೆಗೆ ನಡೆದು, ಕೋಡಿ ನೋಡಿ, ಏರಿಯ ಮೇಲೆಯೇ ಊರಿಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಊಟ ಆಕೆಯ ಮನೆಯಲ್ಲಿ. ಬೇಡ ಅಂದರೆ ಕೇಳುತ್ತಿರಲಿಲ್ಲ. ಸೊಪ್ಪಿನ ಕಟ್ಟು ಕಟ್ಟುತ್ತ ಪಕ್ಕದಲ್ಲಿ ಕೂತು ನನ್ನ ಮದುವೆಯ ವಿಚಾರ ಕೇಳುತ್ತಿದ್ದಳು. ಅಪ್ಪ ತೋರಿಸಿದ ಗಂಡುಗಳ ಬಗ್ಗೆ ಅಮ್ಮನಿಗೆ ಹೇಳದ್ದನ್ನೆಲ್ಲ ನಾನು ಆಕೆಗೆ ಹೇಳಿದ್ದೇನೆ.

ಸೈರನ್ ಆ ಎರಡು ವರ್ಷದಲ್ಲಿ ಮೂರು ಸಲ ಕೂಗಿತು. ಮೊದಲ ಸಲ ನಲವತ್ತೆರಡು ನಿಮಿಷಕ್ಕೆ ನೀರು ಬಂತು, ಎರಡನೆಯ ಸಲ ಮೂವತ್ತೆಂಟಕ್ಕೆ, ಮೂರನೆಯ ಸಲ ಸುಮಾರು ಮುಕ್ಕಾಲು ಗಂಟೆಗೆ. ಮೂರು ಸಲವೂ ಆಕೆ ಪಂಪು ತಂದು ಜಗುಲಿಯಲ್ಲಿಟ್ಟುಕೊಂಡು, ಸೇತುವೆಯ ಎರಡೂ ಕಡೆಯವರನ್ನು ಕೂಗಿ ತಡೆದು, ದಂಡೆಯ ಮೇಲೆ ನಿಂತು ನೀರು ಬರುವುದನ್ನು ನೋಡಿದ್ದಳು. ಊರಿನಲ್ಲಿ ನನ್ನನ್ನು ನೀರಿನ ಮೇಡಂ ಅನ್ನತೊಡಗಿದರು. ಬಸ್ಸಿನಲ್ಲಿ ಸೀಟು ಬಿಟ್ಟುಕೊಡುತ್ತಿದ್ದರು.

ಒಮ್ಮೆ ಊಟ ಮಾಡುವಾಗ ಆಕೆ ಕೇಳಿದಳು.

"ಅಲ್ಲ ಕಣಮ್ಮ, ಕೆರೆ ಕೆಳಗೆ ಮೂಡ್ಲಿಂದ ಒಂದು ಕೊರಕಲು ಬಂದು ಸೇರ್ಕೊಳ್ತದಲ್ಲ, ಅದಕ್ಕೆ ಡಬ್ಬ ಇಲ್ವಾ?"

"ಅದು ಚಿಕ್ಕದು ಅಕ್ಕ. ಸಾರ್ ಎಲ್ಲಾ ಲೆಕ್ಕ ಹಾಕಿದ್ದಾರೆ."

ಹಾಗಂದರೂ ಆ ವಾರ ಮುಖ್ಯಸ್ಥರಿಗೆ ಹೇಳಿದೆ. ಅವರು ನಕ್ಷೆ ಹರಡಿ ಬೆರಳಿಟ್ಟು ನೋಡಿ, ಹೌದು, ಮುಂದಿನ ಹಂತದಲ್ಲಿ ಅಲ್ಲಿಗೂ ಒಂದು ಮಳೆಮಾಪಕ ಹಾಕಬೇಕು ಅಂದರು. ನಾನು ಸರಿ ಅಂದೆ. ಅದು ಬೇಸಿಗೆ. ಹಳ್ಳದಲ್ಲಿ ಮರಳು ಕಾದಿತ್ತು.

ಮೂರನೆಯ ವರ್ಷದ ಹಿಂಗಾರಿನಲ್ಲಿ, ಒಂದು ಗುರುವಾರ ಮಧ್ಯಾಹ್ನ, ಮೂಡಣ ಬೆಟ್ಟದ ಮೇಲೆ ಮೋಡ ಒಡೆಯಿತು. ನಾನು ಹಿಂದಿನ ದಿನವಷ್ಟೇ ಹೋಗಿಬಂದಿದ್ದೆ. ಆಮೇಲೆ ಹಲವರಿಂದ ಕೇಳಿ ತಿಳಿದದ್ದು ಇಷ್ಟು. ಶಾಲೆಯ ಕಡೆ ಮೊದಲು ಮಳೆಯೇ ಇರಲಿಲ್ಲ. ಸುರಿದದ್ದೆಲ್ಲ ಕೊರಕಲಿನ ತಲೆಯ ಮೇಲೆ, ನಮ್ಮ ಯಾವ ಪೆಟ್ಟಿಗೆಯೂ ಇಲ್ಲದ ಕಡೆ. ಮಳೆಯ ಅಂಚು ಸರಿದು ಶಾಲೆಯ ತಾರಸಿಗೆ ಬಂದಾಗ ಬಟ್ಟಲುಗಳು ಎಣಿಸತೊಡಗಿದವು. ಮಿತಿ ದಾಟಿತು. ಮೂರು ಗಂಟೆ ಮೂವತ್ತೇಳು ನಿಮಿಷಕ್ಕೆ ಸೈರನ್ ಕೂಗಿತು. ಅಷ್ಟು ಹೊತ್ತಿಗೆ ಕೊರಕಲಿನ ನೀರು ಅರ್ಧ ದಾರಿ ಬಂದಾಗಿತ್ತು.

ಆಕೆ ಮನೆಯಲ್ಲಿ ಸಂಜೆ ಬಸ್ಸಿಗೆ ಹಾಕಬೇಕಾದ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಳಂತೆ. ಎದ್ದು ಮೊದಲು ಓಡಿದ್ದು ಸೇತುವೆಗೆ. ಅಲ್ಲಿ ಕಳೆ ಕೀಳುವ ಕೆಲಸ ಮುಗಿಸಿ ಈ ಕಡೆ ಬರುತ್ತಿದ್ದ ನಾಲ್ಕು ಜನ ಹೆಂಗಸರನ್ನು ಅವಸರ ಮಾಡಿ ದಾಟಿಸಿದಳು. ಸೈಕಲ್ಲಿನಲ್ಲಿ ಬಂದ ಒಬ್ಬನನ್ನು ಬೈದು ಹಿಂದಕ್ಕೆ ಕಳಿಸಿದಳು. ಮನೆಯ ಹತ್ತಿರ ವಾಪಸ್ಸು ಬಂದು ಒಳಗೆ ಇಣುಕಿ ಗಡಿಯಾರ ನೋಡಿದಳು. ಎದುರು ಮನೆಯ ಅಜ್ಜಿ ಇದನ್ನು ನನಗೆ ಎರಡು ಸಲ ಹೇಳಿತು.

"ಬ್ಯಾಡ ಕಣೇ, ಹೋಗ್ಬ್ಯಾಡ ಅಂದೆ. ಇನ್ನೂ ಅರ್ಧ ಗಂಟೆ ಮೇಲೇ ಐತಜ್ಜಿ, ಪಂಪ್ ತಂದ್ಬಿಡ್ತೀನಿ ಅಂದ್ಲು. ಮೇಡಮ್ಮ ಹೇಳವ್ರೆ ಅಂದ್ಲು."

ಸೈರನ್ ಕೂಗಿ ಹದಿನೆಂಟು ನಿಮಿಷಕ್ಕೆ ನೀರು ಬಂತು. ಆಕೆ ಪಂಪನ್ನು ತಲೆಯ ಮೇಲಿಟ್ಟುಕೊಂಡು ಮರಳಿನಲ್ಲಿ ಅರ್ಧ ನಡೆದಿದ್ದಳು. ದಂಡೆಯ ಮೇಲಿದ್ದವರು ಕೂಗಿದರು. ಸೈರನ್ ಇನ್ನೂ ಕೂಗುತ್ತಲೇ ಇತ್ತು, ಆಕೆಗೆ ಅವರ ದನಿ ಕೇಳಿಸಿರಲಿಕ್ಕಿಲ್ಲ ಅಂತ ಒಬ್ಬರು ಅಂದರು. ಪಂಪು ಬಿಸಾಡಿ ಓಡಿದಳು ಅಂತ ಇನ್ನೊಬ್ಬರು ಅಂದರು. ಇಲ್ಲ, ಬಿಸಾಡಲಿಲ್ಲ ಅಂತ ಅಜ್ಜಿ ಅಂದಿತು.

ಸಂಸ್ಥೆಯಿಂದ ಶುಕ್ರವಾರ ಬೆಳಿಗ್ಗೆ ನಮ್ಮ ಪಕ್ಕದ ಅಂಗಡಿಗೆ ಫೋನು ಬಂತು. ಪ್ರವಾಹ ಬಂದಿದೆಯಂತೆ, ಸೈರನ್ ಸರಿಯಾಗಿ ಕೂಗಿದೆಯಂತೆ, ಹೋಗಿ ಪಟ್ಟಿ ತೆಗೆದುಕೊಂಡು ಬಾ ಅಂದರು. ಅವರಿಗೆ ಅಷ್ಟೇ ಗೊತ್ತಿತ್ತು. ನನಗೆ ಗೊತ್ತಾದದ್ದು ಬಸ್ಸಿನಲ್ಲಿ. ಮುಂದಿನ ಸೀಟಿನ ಇಬ್ಬರು ಮಾತಾಡಿಕೊಳ್ಳುತ್ತಿದ್ದರು. ಸೊಪ್ಪಿನವಳು ಹೋದಳಂತೆ, ಡಬ್ಬ ಇದ್ದ ಮನೆಯವಳು ಅಂತ. ನಾನು ಕಿಟಕಿಯ ಆಚೆ ನೋಡುತ್ತ ಕೂತೆ. ದ್ರಾಕ್ಷಿ ತೋಟದ ಕಲ್ಲುಕಂಬಗಳು ಒಂದಾದ ಮೇಲೊಂದು ಹೋಗುತ್ತಿದ್ದವು. ಟಿಕೆಟ್ ತೆಗೆದುಕೊಂಡಿದ್ದೇನೋ ಇಲ್ಲವೋ ಅಂತ ಪರ್ಸಿನಲ್ಲಿ ಹುಡುಕಿದೆ. ಇತ್ತು.

ಮನೆಯ ಮುಂದೆ ಜನ ಕೂತಿದ್ದರು. ಆಕೆ ಇನ್ನೂ ಸಿಕ್ಕಿರಲಿಲ್ಲ. ಗಂಡಸರು ಹಳ್ಳದುದ್ದಕ್ಕೂ ಹುಡುಕುತ್ತಿದ್ದರು. ನಾನು ಅವರ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದೆ. ಯಾರೂ ತಡೆಯಲಿಲ್ಲ. ಮೂಲೆಯಲ್ಲಿ ಸೊಪ್ಪಿನ ಕಟ್ಟುಗಳು ಒದ್ದೆ ಗೋಣಿಚೀಲದ ಮೇಲೆ ಹಾಗೇ ಇದ್ದವು, ಬಾಡತೊಡಗಿದ್ದವು. ನಾನು ಪೆಟ್ಟಿಗೆಯ ಬಾಗಿಲು ತೆಗೆದೆ. ಪಟ್ಟಿ ಹರಿದುಕೊಂಡು ಮಡಚಿದೆ. ಮೀಟರ್ ತೆಗೆದು ಬ್ಯಾಟರಿಗೆ ಹಿಡಿದೆ. ಹನ್ನೆರಡು ಪಾಯಿಂಟ್ ನಾಲ್ಕು. ರಿಜಿಸ್ಟರಿನಲ್ಲಿ ಬರೆದೆ. ಆಂಟೆನಾದ ವೈರು ಅಲ್ಲಾಡಿಸಿ ನೋಡಿದೆ, ಬಿಗಿಯಾಗಿತ್ತು. ಸೈರನ್ ಪರೀಕ್ಷಿಸುವ ಗುಂಡಿ ಇತ್ತು. ಅದನ್ನೂ ಒತ್ತಬೇಕು ಅಂತ ನನ್ನ ಕೆಲಸಗಳ ಪಟ್ಟಿಯಲ್ಲಿತ್ತು. ಬೆರಳು ಅದರ ಮೇಲೆ ಇಟ್ಟಿದ್ದೆ. ಹಿಂದಿನಿಂದ ಅಜ್ಜಿ, "ಬ್ಯಾಡ ಕಣಮ್ಮ" ಅಂದಿತು. ತೆಗೆದೆ. ರಿಜಿಸ್ಟರಿನಲ್ಲಿ ಆ ಕಾಲಂ ಖಾಲಿ ಬಿಟ್ಟೆ.

ಈಗ ನೆನೆಸಿಕೊಂಡರೆ ಆ ಹೆಂಗಸು ಯಾರಪ್ಪ, ಸತ್ತವರ ಮನೆಗೆ ಬಂದು ಬ್ಯಾಟರಿ ನೋಡುತ್ತಿರುವವಳು ಅನ್ನಿಸುತ್ತದೆ. ಅವತ್ತು ಏನೂ ಅನ್ನಿಸಲಿಲ್ಲ. ಬುಧವಾರದ ಕೆಲಸ ಶುಕ್ರವಾರ ಮಾಡುತ್ತಿದ್ದೇನೆ ಅನ್ನಿಸಿತು, ಅಷ್ಟೇ.

ಹನ್ನೊಂದು ಗಂಟೆಯ ಹೊತ್ತಿಗೆ ಸಿಕ್ಕಳು. ಹಳ್ಳ ತಿರುಗುವ ಕಡೆ ಜಾಲಿ ಪೊದೆಗೆ ಸಿಕ್ಕಿಕೊಂಡಿದ್ದಳು. ಸೀರೆಯ ಮೇಲೆ ಯಾರದೋ ಟವೆಲ್ಲು ಹೊದಿಸಿ ತಂದರು. ಗಂಡ ನೆಲಮಂಗಲದಿಂದ ಬಂದಿದ್ದ. ಕಾರ್ಖಾನೆಯ ನೀಲಿ ಅಂಗಿಯಲ್ಲೇ ಇದ್ದ. ನಾನು ಜಗುಲಿಯ ಕಂಬಕ್ಕೆ ಒರಗಿ ನಿಂತಿದ್ದೆ. ಅವನು ನನ್ನ ಹತ್ತಿರ ಬಂದ.

"ನಲವತ್ತು ನಿಮಿಷ ಅಂದಿದ್ರಂತಲ್ಲ ಮೇಡಂ."

"ಹೌದು."

"ಅವ್ಳು ಹೇಳ್ತಿದ್ಲು ಯಾವಾಗ್ಲೂ. ಬಂದಾಗೆಲ್ಲಾ ಗಡಿಯಾರ ಸರಿಯಾಗಿ ನಡೀತೈತಾ ನೋಡಿ ಅನ್ನೋಳು."

ಬೈಯುವ ದನಿ ಅಲ್ಲ ಅದು. ಸುಮ್ಮನೆ ಹೇಳಿದ. ನಾನು ಮಳೆ ಬೇರೆ ಕಡೆ ಬಿತ್ತು, ಕೊರಕಲಿನ ನೀರು ಅದು ಎಂದು ಶುರುಮಾಡಿದೆ. ಅವನು ಹೂಂ ಹೂಂ ಅನ್ನುತ್ತ ಕೇಳಿದ. ಅರ್ಧದಲ್ಲಿ ಯಾರೋ ಅವನನ್ನು ಕರೆದರು. "ಒಂದ್ನಿಮಿಷ ಇರಿ, ಬಂದೆ" ಅಂತ ಹೋದ. ನಾನು ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಅವನು ವಾಪಸ್ಸು ಬರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ.

ಸೋಮವಾರ ಸಂಸ್ಥೆಗೆ ಹೋದೆ. ಮುಖ್ಯಸ್ಥರು ಪಟ್ಟಿಯನ್ನು ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೂ ಒಂದೊಂದು ಪೇಪರ್‌ವೆಯ್ಟ್ ಇಟ್ಟು ನೋಡಿದರು. ಸಾವಿನ ಸುದ್ದಿ ಅವರಿಗೆ ಅಷ್ಟರಲ್ಲಿ ತಿಳಿದಿತ್ತು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ನೀವು ಆ ಕೊರಕಲಿನ ವಿಷಯ ಹೇಳಿದ್ರಿ" ಅಂದರು.

"ಅವರು ಕೇಳಿದ್ದು ಸಾರ್, ನಾನಲ್ಲ."

"ಯಾರು?"

"ಅವರೇ."

ಅವರು ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಮಡಚಿಟ್ಟರು. ಹಣ ಕೊಟ್ಟ ಇಲಾಖೆಗೆ ವರದಿ ಹೋಗಬೇಕು, ಕರಡು ನೀವೇ ಬರೆಯಿರಿ ಅಂದರು. ಬರೆದೆ. ಮೊದಲ ವಾಕ್ಯ ಹೀಗಿತ್ತು: ಉಪಕರಣಗಳು ಸಮರ್ಪಕವಾಗಿ ಕೆಲಸ ಮಾಡಿವೆ, ನಿಗದಿತ ಮಿತಿ ದಾಟಿದ ತಕ್ಷಣ ಸೈರನ್ ಮೊಳಗಿದೆ. ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಸೇತುವೆಯ ಮೇಲಿದ್ದ ಐದು ಜನ ಉಳಿದರು ಎಂದು ಎರಡನೆಯ ವಾಕ್ಯ. ಮೂರನೆಯದು ಬರೆಯಲು ಮಧ್ಯಾಹ್ನವಾಯಿತು. ಕೊನೆಗೆ, ಎಚ್ಚರಿಕೆಯ ಅವಧಿ ಮಳೆ ಬೀಳುವ ಸ್ಥಳವನ್ನು ಅವಲಂಬಿಸಿ ಬದಲಾಗುತ್ತದೆ, ಇದನ್ನು ಜನರಿಗೆ ತಿಳಿಸುವಲ್ಲಿ ಲೋಪವಾಗಿದೆ ಎಂದು ಬರೆದೆ. ಮುಖ್ಯಸ್ಥರು ಓದಿ, ಯಾರಿಂದ ಲೋಪ ಎಂದು ಇಲ್ಲವಲ್ಲ ಅಂದರು. ನಾನು ಪೆನ್ನು ತೆಗೆದೆ. ಅವರು ಕಾಗದವನ್ನು ತಮ್ಮ ಕಡೆ ಎಳೆದುಕೊಂಡು, ಹೀಗೇ ಇರಲಿ ಅಂತ ಸಹಿ ಹಾಕಿದರು. ಒಳ್ಳೆಯ ಮನುಷ್ಯ ಅವರು. ಅವರು ಹೇಳಿದ್ದು ಅಂದಾಜಿಗೆ ಅಂತ. ಅಂದಾಜನ್ನು ಬಿಟ್ಟವಳು ನಾನು.

ಪೆಟ್ಟಿಗೆ ಆ ಮನೆಯಲ್ಲೇ ಕೆಲವು ತಿಂಗಳು ಇತ್ತು. ಗಂಡ ಬೇಡ ಅನ್ನಲಿಲ್ಲ, ಬೀಗದ ಕೈಯನ್ನು ಅಜ್ಜಿಯ ಹತ್ತಿರ ಕೊಟ್ಟು ಹೋಗುತ್ತಿದ್ದ. ನಾನು ಬುಧವಾರ ಬೀಗ ತೆಗೆದು ಒಳಗೆ ಹೋಗಿ, ಬ್ಯಾಟರಿ ನೋಡಿ, ಬರೆದು, ಬೀಗ ಹಾಕಿ ಬರುತ್ತಿದ್ದೆ. ಊಟವನ್ನು ಮನೆಯಿಂದ ಡಬ್ಬಿಯಲ್ಲಿ ಒಯ್ದು ಬಸ್ ನಿಲ್ದಾಣದಲ್ಲಿ ತಿನ್ನುತ್ತಿದ್ದೆ. ಬೇಸಿಗೆಯಲ್ಲಿ ಪೆಟ್ಟಿಗೆಯನ್ನು ಪಂಚಾಯ್ತಿ ಕಟ್ಟಡಕ್ಕೆ ಸಾಗಿಸಿದೆವು. ಕೊರಕಲಿನ ತಲೆಯಲ್ಲಿ ಇನ್ನೊಂದು ಮಳೆಮಾಪಕ ಹಾಕಿದೆವು, ಅದರ ಕಂಬಕ್ಕೆ ಸಿಮೆಂಟ್ ಕಲಸಿದವಳು ನಾನೇ. ಮಿತಿಯನ್ನು ಇಳಿಸಿದೆವು. ಆಮೇಲೆ ನಾನು ಆ ಹಳ್ಳದ ಮೇಲಿನ ಆರು ಊರುಗಳಿಗೂ ಮನೆಮನೆಗೆ ಹೋಗಿ ಹೇಳಿದೆ: ಸೈರನ್ ಕೂಗಿದರೆ ಏನನ್ನೂ ತರಲು ಇಳಿಯಬೇಡಿ, ಕೈಯಲ್ಲಿದ್ದದ್ದನ್ನು ಬಿಟ್ಟು ಮೇಲೆ ಬನ್ನಿ. ಎಲ್ಲ ಕಡೆಯೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು.

"ಎಷ್ಟೊತ್ತು ಟೈಮಿರ್ತದೆ ಮೇಡಂ?"

"ಗೊತ್ತಿಲ್ಲ" ಅನ್ನುತ್ತಿದ್ದೆ. "ಇಲ್ಲ ಅಂತಲೇ ತಿಳ್ಕೊಳಿ."

ಅದು ಜನಕ್ಕೆ ಇಷ್ಟವಾಗುತ್ತಿರಲಿಲ್ಲ. ಒಬ್ಬ ಯಜಮಾನರು, ಟೈಮೇ ಹೇಳದಿರೋ ಮೇಲೆ ಯಂತ್ರ ಯಾಕಮ್ಮ ಅಂದರು. ನಾನು ಮುಂದಿನ ಮನೆಗೆ ಹೋದೆ. ಆ ವರ್ಷ ಸೈರನ್ ಎರಡು ಸಲ ಕೂಗಿತು. ಯಾರಿಗೂ ಏನೂ ಆಗಲಿಲ್ಲ.

ಯೋಜನೆಯ ಅವಧಿ ಮುಗಿದು ನನ್ನ ಕೆಲಸವೂ ಮುಗಿಯಿತು. ಮದುವೆಯಾಗಿ ನೆಲಮಂಗಲಕ್ಕೆ ಬಂದೆ. ಪರೀಕ್ಷೆ ಬರೆದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿತು. ಗಂಡನಿಗೆ ಈ ವಿಷಯವನ್ನು ಒಂದು ಸಲ ಹೇಳಿದ್ದೇನೆ, ಸಂಕ್ಷೇಪವಾಗಿ. ಅವರು ನಿನ್ನ ತಪ್ಪೇನಿದೆ ಅಂದರು. ಆ ಮಾತಿಗೆ ನಾನು ಸಮಾಧಾನಪಟ್ಟುಕೊಳ್ಳಲೂ ಇಲ್ಲ, ವಾದ ಮಾಡಲೂ ಇಲ್ಲ. ಅಳು ಯಾವಾಗಲೋ ಬಂದೇ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ.

ಕೆಲಸಕ್ಕೆ ಸೇರಿ ಒಂದೆರಡು ವರ್ಷವಾದ ಮೇಲೆ ಒಂದು ಬೆಳಿಗ್ಗೆ ಆಕೆಯ ಗಂಡ ಕೌಂಟರಿಗೆ ಬಂದ. ತಲೆ ಪೂರ್ತಿ ನೆರೆತಿತ್ತು. ಕಾರ್ಖಾನೆಯ ಹತ್ತಿರ ತಮ್ಮನ ಜೊತೆ ಸಣ್ಣ ಹೋಟೆಲ್ ಮಾಡಿದ್ದಾನಂತೆ, ಫೋನು ಬೇಕಿತ್ತು. ನನ್ನನ್ನು ನೋಡಿ ಒಂದು ಕ್ಷಣ ತಡೆದ.

"ಚೆನ್ನಾಗಿದ್ದೀರಾ ಮೇಡಂ?"

"ಇದ್ದೀನಿ. ನೀವು?"

"ನಡೀತೈತೆ."

ತನಗೆ ಅರ್ಜಿ ತುಂಬಲು ಬರುವುದಿಲ್ಲ ಅಂದ. ನಾನೇ ತುಂಬಿದೆ. ವಿಳಾಸ ಕೇಳಿದೆ, ಹೇಳಿದ. ಮನೆಯಲ್ಲಿ ಎಷ್ಟು ಜನ ಎಂದು ಅರ್ಜಿಯಲ್ಲಿ ಇರಲಿಲ್ಲ, ಹಾಗಾಗಿ ಕೇಳಲಿಲ್ಲ. ಸಹಿ ಹಾಕುವ ಜಾಗದಲ್ಲಿ ಪೆನ್ಸಿಲಿನಲ್ಲಿ ಒಂದು ಗುರುತು ಮಾಡಿ ಕಿಂಡಿಯಿಂದ ಆಚೆ ಸರಿಸಿದೆ. ಅವನು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದ. ಅವನ ಹಿಂದೆ ಸಾಲು ಬೆಳೆದಿತ್ತು. ನಾನು ಅರ್ಜಿ ತೆಗೆದುಕೊಂಡು ಮೊಹರು ಒತ್ತಿ, ಮುಂದಿನವರನ್ನು ಕರೆದೆ.